ಅಪೂರ್ಣ ಗರ್ಭಸ್ರಾವ: ಕೆರೆದು ತೆಗೆಯುವುದೋ, ಹೀರಿ ತೆಗೆಯುವುದೋ?

"ಗರ್ಭ ನಿಲ್ಲಲಿಲ್ಲ, ಡಿ ಅಂಡ್ ಸಿ ಮಾಡಿಸಿಕೊಂಡು ಬಂದರು." ನಗರದ ಅಪಾರ್ಟ್‌ಮೆಂಟುಗಳಿಂದ ಹಿಡಿದು ತಾಲ್ಲೂಕು ಆಸ್ಪತ್ರೆಯ ಹೊರಾಂಗಣದವರೆಗೆ ಮೆಲುದನಿಯಲ್ಲಿ ಕೇಳಿಬರುವ ಮಾತಿದು. ಕೆಲವರು ಇದನ್ನೇ 'ಕ್ಲೀನ್ ಮಾಡಿಸುವುದು' ಎನ್ನುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಆದರೆ ಈ ಒಂದೇ ಹೆಸರಿನ ಹಿಂದೆ ಎರಡು ಬೇರೆ ಬೇರೆ ಶಸ್ತ್ರಚಿಕಿತ್ಸೆಗಳು ಅಡಗಿವೆ ಎಂಬುದು ಚಿಕಿತ್ಸೆ ಪಡೆದ ಅನೇಕ ಮಹಿಳೆಯರಿಗೇ ತಿಳಿದಿರುವುದಿಲ್ಲ.

ಒಂದು, ಲೋಹದ ಉಪಕರಣದಿಂದ ಗರ್ಭಕೋಶದ ಒಳಭಾಗವನ್ನು ಕೆರೆದು ತೆಗೆಯುವ ಹಳೆಯ ವಿಧಾನ. ಇನ್ನೊಂದು, ಪ್ಲಾಸ್ಟಿಕ್ ಕೊಳವೆಯ ಮೂಲಕ ಹೀರಿ ತೆಗೆಯುವ ವಿಧಾನ. ಮೊದಲನೆಯದನ್ನು ಕೈಬಿಟ್ಟು ಎರಡನೆಯದನ್ನು ಅನುಸರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. 2022ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿಯೂ ಅದನ್ನೇ ಪುನರುಚ್ಚರಿಸಿದೆ. ಆದರೂ ಕೆರೆಯುವ ಪದ್ಧತಿ ಪೂರ್ತಿಯಾಗಿ ಮರೆಯಾಗಿಲ್ಲ. ಹೆಸರು ಒಂದೇ ಆಗಿರುವುದರಿಂದ ತಮಗೆ ಯಾವುದನ್ನು ಮಾಡಲಾಗುತ್ತಿದೆ ಎಂಬ ಪ್ರಶ್ನೆಯನ್ನು ರೋಗಿಯಾಗಲೀ, ಆಕೆಯ ಮನೆಯವರಾಗಲೀ ಕೇಳುವುದೇ ಇಲ್ಲ.

ಅಪೂರ್ಣ ಗರ್ಭಸ್ರಾವ ಎಂದರೇನು?

ಗರ್ಭಸ್ರಾವ ಅಪರೂಪದ ಘಟನೆಯಲ್ಲ. ಖಚಿತಪಟ್ಟ ಗರ್ಭಧಾರಣೆಗಳಲ್ಲಿ ಸರಿಸುಮಾರು ನೂರಕ್ಕೆ 15 ಗರ್ಭಸ್ರಾವದಲ್ಲಿ ಕೊನೆಗೊಳ್ಳುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಸ್ರಾವಗಳಾಗುತ್ತವೆ ಎಂದು 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ 2021ರಲ್ಲಿ ಪ್ರಕಟಿಸಿದ ಲೇಖನಮಾಲೆ ಅಂದಾಜು ಮಾಡಿತ್ತು. ಇವುಗಳಲ್ಲಿ ಹೆಚ್ಚಿನವು ಮೊದಲ ಮೂರು ತಿಂಗಳೊಳಗೆ ಸಂಭವಿಸುತ್ತವೆ.

ಇಂತಹ ಆರಂಭಿಕ ಗರ್ಭಸ್ರಾವಗಳ ಪೈಕಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳಲ್ಲಿನ ದೋಷವೇ ಕಾರಣ. ಸ್ಕೂಟರಿನಲ್ಲಿ ಹೋದದ್ದು, ಎಳ್ಳು ತಿಂದದ್ದು, ಬಿಂದಿಗೆ ಎತ್ತಿದ್ದು ಎಂದು ನಮ್ಮ ಮನೆಗಳಲ್ಲಿ ಹೆಂಗಸಿನ ಮೇಲೆ ಹೊರಿಸುವ ಆರೋಪಗಳಿಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲ.

ಗರ್ಭಸ್ರಾವವಾದಾಗ ಕೆಲವೊಮ್ಮೆ ಎಲ್ಲವೂ ತಾನಾಗಿಯೇ ಹೊರಬಂದು ಗರ್ಭಕೋಶ ಖಾಲಿಯಾಗುತ್ತದೆ. ಇದು ಪೂರ್ಣ ಗರ್ಭಸ್ರಾವ. ಮತ್ತೆ ಕೆಲವೊಮ್ಮೆ ಮಾಸಿನ ಅಥವಾ ಪೊರೆಯ ತುಣುಕುಗಳು ಒಳಗೇ ಉಳಿದುಬಿಡುತ್ತವೆ. ಗರ್ಭಕೋಶದ ಬಾಯಿ ತೆರೆದಿರುತ್ತದೆ, ರಕ್ತಸ್ರಾವ ನಿಲ್ಲುವುದಿಲ್ಲ, ಕಿಬ್ಬೊಟ್ಟೆಯಲ್ಲಿ ಹಿಂಡಿದಂತಹ ನೋವು ಮುಂದುವರಿಯುತ್ತದೆ. ಇದೇ ಅಪೂರ್ಣ ಗರ್ಭಸ್ರಾವ. ಉಳಿದ ತುಣುಕು ಇರುವವರೆಗೆ ಗರ್ಭಕೋಶ ಸರಿಯಾಗಿ ಮುದುಡಿಕೊಳ್ಳಲಾರದು, ರಕ್ತನಾಳಗಳು ಮುಚ್ಚಿಕೊಳ್ಳಲಾರವು. ಅಲ್ಲಿಗೆ ರೋಗಾಣುಗಳು ಸೇರಿದರೆ ಸೋಂಕು ಉಂಟಾಗುತ್ತದೆ.

ಇಲ್ಲೊಂದು ಪದದ ಗೊಂದಲವೂ ಇದೆ. ವೈದ್ಯರು ಚೀಟಿಯಲ್ಲಿ ಇದನ್ನು 'ಇನ್‌ಕಂಪ್ಲೀಟ್ ಅಬಾರ್ಷನ್' ಎಂದು ಬರೆಯುವುದು ರೂಢಿ. ವೈದ್ಯಕೀಯ ಭಾಷೆಯಲ್ಲಿ ತಾನಾಗಿ ಆದದ್ದಕ್ಕೂ, ಮಾಡಿಸಿಕೊಂಡದ್ದಕ್ಕೂ 'ಅಬಾರ್ಷನ್' ಎಂಬ ಒಂದೇ ಪದವನ್ನು ಬಳಸುವುದುಂಟು. ಇದನ್ನರಿಯದೆ ಆ ಚೀಟಿ ನೋಡಿ ಸೊಸೆಯ ಮೇಲೆ ಅನುಮಾನ ಪಡುವುದು ತಪ್ಪು.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೇ?

ಬೇಕಿಲ್ಲ. ಅಪೂರ್ಣ ಗರ್ಭಸ್ರಾವಕ್ಕೆ ಮೂರು ದಾರಿಗಳಿವೆ. ರಕ್ತಸ್ರಾವ ಹೆಚ್ಚಿಲ್ಲದೆ, ಸೋಂಕಿನ ಲಕ್ಷಣವಿಲ್ಲದೆ ಇದ್ದಲ್ಲಿ ವೈದ್ಯರ ನಿಗಾದಲ್ಲಿ ಕಾಯುವುದು ಮೊದಲನೆಯದು. ಗರ್ಭಕೋಶ ಮುದುಡಿ ಉಳಿದದ್ದನ್ನು ಹೊರಹಾಕುವಂತೆ ಮಾಡುವ ಮಿಸೊಪ್ರೊಸ್ಟಾಲ್ ಎಂಬ ಔಷಧವನ್ನು ವೈದ್ಯರ ಸೂಚನೆಯಂತೆ ಪಡೆಯುವುದು ಎರಡನೆಯದು. ಶಸ್ತ್ರಚಿಕಿತ್ಸೆ ಮೂರನೆಯದು.

ಈ ಮೂರನ್ನೂ ಹೋಲಿಸಿ ನೋಡಿದ ಮಹತ್ವದ ಅಧ್ಯಯನವೊಂದು ಬ್ರಿಟನ್ನಿನಲ್ಲಿ ನಡೆಯಿತು. 13 ವಾರಕ್ಕಿಂತ ಕಡಿಮೆ ಅವಧಿಯ ಗರ್ಭಸ್ರಾವವಾಗಿದ್ದ 1,200 ಮಹಿಳೆಯರನ್ನು ಒಳಗೊಂಡ ಇದರ ಫಲಿತಾಂಶ 2006ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮೂರೂ ಗುಂಪುಗಳಲ್ಲಿ ಸೋಂಕಿನ ಪ್ರಮಾಣ ಶೇ 2ರಿಂದ 3ರಷ್ಟೇ ಇತ್ತು. ಆದರೆ ಕಾದು ನೋಡಿದವರಲ್ಲಿ ಶೇ 44ರಷ್ಟು ಮಂದಿಗೆ, ಔಷಧ ಪಡೆದವರಲ್ಲಿ ಶೇ 13ರಷ್ಟು ಮಂದಿಗೆ ಮುಂದೆ ಶಸ್ತ್ರಚಿಕಿತ್ಸೆ ಬೇಕಾಯಿತು. ಮೊದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ಪೈಕಿ ಶೇ 5ರಷ್ಟು ಮಂದಿಗೆ ಮತ್ತೊಮ್ಮೆ ಮಾಡಬೇಕಾಯಿತು. ಭ್ರೂಣದ ಬೆಳವಣಿಗೆ ನಿಂತು ಇನ್ನೂ ಹೊರಬಾರದಿದ್ದ ಪ್ರಕರಣಗಳೂ ಈ ಲೆಕ್ಕದಲ್ಲಿ ಸೇರಿದ್ದವು ಎಂಬುದನ್ನು ಗಮನಿಸಬೇಕು.

ಅಂದರೆ ಶಸ್ತ್ರಚಿಕಿತ್ಸೆಯ ಲಾಭವಿರುವುದು ಅದರ ಖಚಿತತೆಯಲ್ಲಿ. ಕೆಲವು ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ, ವಾರಗಟ್ಟಲೆ ರಕ್ತಸ್ರಾವದ ಆತಂಕವಿರುವುದಿಲ್ಲ. ಅತಿಯಾದ ರಕ್ತಸ್ರಾವ, ರಕ್ತದೊತ್ತಡದ ಕುಸಿತ ಅಥವಾ ಸೋಂಕಿನ ಲಕ್ಷಣ ಕಂಡಾಗಲಂತೂ ಕಾಯುವ ಮಾತೇ ಇಲ್ಲ, ತಡಮಾಡದೆ ಶಸ್ತ್ರಚಿಕಿತ್ಸೆ ನಡೆಸಬೇಕಾಗುತ್ತದೆ. ಇನ್ನು ಉಳಿಯುವ ಪ್ರಶ್ನೆ, ಅದನ್ನು ಯಾವ ಉಪಕರಣದಿಂದ ಮಾಡಬೇಕು ಎಂಬುದು.

ಹಳೆಯ ದಾರಿ: ಕ್ಯುರೆಟ್

'ಡಿ ಅಂಡ್ ಸಿ' ಎಂಬುದು ಡೈಲಟೇಷನ್ ಅಂಡ್ ಕ್ಯುರೆಟಾಜ್ ಎಂಬುದರ ಹ್ರಸ್ವರೂಪ. ಡೈಲಟೇಷನ್ ಎಂದರೆ ಗರ್ಭಕೋಶದ ಬಾಯಿಯನ್ನು ಹಂತಹಂತವಾಗಿ ಹಿಗ್ಗಿಸುವುದು. ಕ್ಯುರೆಟಾಜ್ ಎಂದರೆ ಉದ್ದ ಹಿಡಿಯ ತುದಿಯಲ್ಲಿ ಬಳೆಯಂತಿರುವ, ಹರಿತ ಅಂಚಿನ ಲೋಹದ ಉಪಕರಣದಿಂದ ಒಳಗೋಡೆಯನ್ನು ಕೆರೆಯುವುದು. ಕ್ಯುರೆಟ್ ಎಂಬ ಈ ಉಪಕರಣವನ್ನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳಕೆಗೆ ತಂದವನು ಫ್ರಾನ್ಸಿನ ವೈದ್ಯ ರೆಕಾಮಿಯೆ.

ನೂರು ವರ್ಷಕ್ಕೂ ಹೆಚ್ಚು ಕಾಲ ಇದೇ ಪ್ರಮುಖ ವಿಧಾನವಾಗಿತ್ತು, ಅಸಂಖ್ಯ ಜೀವಗಳನ್ನು ಉಳಿಸಿತು ಎಂಬುದನ್ನು ಮರೆಯುವಂತಿಲ್ಲ. ಆದರೆ ಅದರ ಮಿತಿಗಳೂ ಸ್ಪಷ್ಟ. ನೋವು ಹೆಚ್ಚಾದುದರಿಂದ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಅಥವಾ ಗಾಢ ನಿದ್ರೆಯ ಔಷಧ ಬೇಕು. ಅದಕ್ಕಾಗಿ ಶಸ್ತ್ರಚಿಕಿತ್ಸಾ ಕೊಠಡಿ, ಅರಿವಳಿಕೆ ತಜ್ಞರು, ಖಾಲಿ ಹೊಟ್ಟೆಯಲ್ಲಿ ಕಾಯುವಿಕೆ ಎಲ್ಲವೂ ಬೇಕಾಗುತ್ತವೆ.

ಗರ್ಭಾವಸ್ಥೆಯಲ್ಲಿ ಗರ್ಭಕೋಶದ ಗೋಡೆ ಮೃದುವಾಗಿರುತ್ತದೆ. ವೈದ್ಯರು ಒಳಗನ್ನು ಕಣ್ಣಿಂದ ನೋಡದೆ ಕೈಯ ಅನುಭವದಿಂದಲೇ ಕೆರೆಯುವುದರಿಂದ, ಹರಿತವಾದ ಲೋಹದ ಅಂಚು ಅಪರೂಪಕ್ಕೆ ಗೋಡೆಯನ್ನೇ ತೂತು ಮಾಡಬಹುದು. ಇನ್ನೂ ಸೂಕ್ಷ್ಮವಾದ ಅಪಾಯ ಒಳಪದರದ್ದು. ಪ್ರತಿ ತಿಂಗಳು ಕಳಚಿಬೀಳುವ ಮೇಲ್ಪದರವನ್ನು ಮತ್ತೆ ಬೆಳೆಸುವುದು ಅದರಡಿಯ ಮೂಲಪದರ. ಆಳವಾಗಿ ಕೆರೆದಾಗ ಮೂಲಪದರಕ್ಕೆ ಗಾಯವಾಗಿ, ಗುಣವಾಗುವ ಹೊತ್ತಿಗೆ ಎದುರುಬದುರಿನ ಗೋಡೆಗಳು ಅಲ್ಲಲ್ಲಿ ಒಂದಕ್ಕೊಂದು ಅಂಟಿಕೊಳ್ಳಬಹುದು. ಇದರಿಂದ ಮುಟ್ಟು ಕಡಿಮೆಯಾಗುವುದು ಅಥವಾ ನಿಲ್ಲುವುದು, ಮತ್ತೆ ಗರ್ಭ ನಿಲ್ಲದಿರುವುದು ಮುಂತಾದ ತೊಂದರೆಗಳು ತಲೆದೋರುತ್ತವೆ. ಇಸ್ರೇಲಿನ ವೈದ್ಯ ಜೋಸೆಫ್ ಆಶರ್‌ಮನ್ 1948ರಲ್ಲಿ ಇದನ್ನು ವಿವರವಾಗಿ ದಾಖಲಿಸಿದ್ದರಿಂದ ಇದಕ್ಕೆ ಆಶರ್‌ಮನ್ ಸಿಂಡ್ರೋಮ್ ಎಂಬ ಹೆಸರು ಬಂದಿದೆ.

ಗರ್ಭಸ್ರಾವದ ನಂತರ ದುರ್ಬೀನಿನಿಂದ ಗರ್ಭಕೋಶವನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ ಕಲೆಹಾಕಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಪರೀಕ್ಷೆಗೊಳಗಾದ ಸುಮಾರು 900 ಮಹಿಳೆಯರಲ್ಲಿ ಶೇ 19ರಷ್ಟು ಮಂದಿಗೆ ಇಂತಹ ಅಂಟುವಿಕೆ ಇದ್ದುದನ್ನು ಗುರುತಿಸಿತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸೌಮ್ಯ ಸ್ವರೂಪದವು. ಒಂದಕ್ಕಿಂತ ಹೆಚ್ಚು ಬಾರಿ ಗರ್ಭಕೋಶವನ್ನು ಸ್ವಚ್ಛಗೊಳಿಸಿಕೊಂಡವರಲ್ಲಿ ಅಪಾಯ ಹೆಚ್ಚು ಎಂಬುದು ಅದರ ಮುಖ್ಯ ಎಚ್ಚರಿಕೆ. ಪದೇ ಪದೇ ಗರ್ಭಸ್ರಾವವಾಗಿ, ಮಗುವಿಗಾಗಿ ಹಂಬಲಿಸುತ್ತಿರುವ ದಂಪತಿಗೆ ಉಪಕರಣದ ಆಯ್ಕೆ ಎಷ್ಟು ಮುಖ್ಯ ಎಂಬುದು ಇದರಿಂದ ತಿಳಿಯುತ್ತದೆ.

ಹೊಸ ದಾರಿ: ಹೀರುವ ಕೊಳವೆ

ಹೀರಿ ತೆಗೆಯುವ ವಿಧಾನ ಹೊಸದು ಎನಿಸಿಕೊಂಡರೂ ನಿನ್ನೆ ಮೊನ್ನೆಯದಲ್ಲ. ಚೀನಾದ ವೈದ್ಯರು 1958ರಲ್ಲಿ ಇದರ ಬಗ್ಗೆ ವರದಿ ಪ್ರಕಟಿಸಿದರು. ಮುಂದಿನ ದಶಕದಲ್ಲಿ ಅದು ಯುರೋಪಿಗೂ, ಅಮೆರಿಕಕ್ಕೂ ಹಬ್ಬಿತು. ಅಮೆರಿಕದ ಹಾರ್ವಿ ಕಾರ್ಮನ್ ಬಾಗುವ ಗುಣವುಳ್ಳ ಮೃದುವಾದ ಪ್ಲಾಸ್ಟಿಕ್ ಕೊಳವೆಯನ್ನು ರೂಪಿಸಿದ ಮೇಲೆ ಅದು ಮತ್ತಷ್ಟು ಸುರಕ್ಷಿತವಾಯಿತು. ಗೋಡೆಗೆ ತಗುಲಿದಾಗ ಚುಚ್ಚುವ ಬದಲು ಬಾಗುವುದು ಈ ಕೊಳವೆಯ ವಿಶೇಷ.

ಇದರಲ್ಲಿ ಎರಡು ಬಗೆ. ವಿದ್ಯುತ್ ಪಂಪಿನಿಂದ ನಿರ್ವಾತ ಉಂಟುಮಾಡಿ ಹೀರುವುದು ಒಂದು. ಕೈಯಲ್ಲೇ ಹಿಡಿಯಬಹುದಾದ, ಸುಮಾರು 60 ಮಿಲಿಲೀಟರಿನ ದೊಡ್ಡ ಸಿರಿಂಜಿನಿಂದ ಹೀರುವುದು ಇನ್ನೊಂದು. ಎರಡನೆಯದನ್ನು ವೈದ್ಯರು 'ಎಂವಿಎ' ಎನ್ನುತ್ತಾರೆ. ಸಿರಿಂಜಿನ ಹಿಡಿಕೆಯನ್ನು ಹಿಂದಕ್ಕೆಳೆದು ಒಳಗೆ ನಿರ್ವಾತ ನಿರ್ಮಿಸಿ, ಗರ್ಭಕೋಶದೊಳಗೆ ಇರಿಸಿದ ಕೊಳವೆಗೆ ಜೋಡಿಸಿ, ಗುಂಡಿ ಬಿಚ್ಚಿದರೆ ಉಳಿದ ತುಣುಕುಗಳು ಸಿರಿಂಜಿನೊಳಕ್ಕೆ ಬರುತ್ತವೆ. ಗುಲಾಬಿ ಬಣ್ಣದ ನೊರೆ ಕಾಣಿಸಿಕೊಂಡು, ಗೋಡೆ ಮರಳಿನಂತೆ ಒರಟಾಗಿ ಕೈಗೆ ತಿಳಿದು, ಗರ್ಭಕೋಶ ಕೊಳವೆಯ ಸುತ್ತ ಬಿಗಿಯಾದಾಗ ಒಳಗೆ ಏನೂ ಉಳಿದಿಲ್ಲವೆಂದು ವೈದ್ಯರು ಅರಿಯುತ್ತಾರೆ. ಹೊರಬಂದದ್ದನ್ನು ತಟ್ಟೆಯಲ್ಲಿ ಹಾಕಿ ಪರೀಕ್ಷಿಸಿ ಖಚಿತಪಡಿಸಿಕೊಳ್ಳುತ್ತಾರೆ.

ಹೀರುವಿಕೆಗೆ ಹಿಡಿಯುವ ಸಮಯ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ. ಅಪೂರ್ಣ ಗರ್ಭಸ್ರಾವದಲ್ಲಿ ಗರ್ಭಕೋಶದ ಬಾಯಿ ಆಗಲೇ ತೆರೆದಿರುವುದರಿಂದ ಅದನ್ನು ಹಿಗ್ಗಿಸುವ ಅಗತ್ಯವೂ ಅನೇಕ ಬಾರಿ ಬೀಳುವುದಿಲ್ಲ. ಗರ್ಭಕೋಶದ ಬಾಯಿಯ ಸುತ್ತ ಮರಗಟ್ಟಿಸುವ ಚುಚ್ಚುಮದ್ದು ಹಾಗೂ ನೋವುನಿವಾರಕ ಮಾತ್ರೆ ಇದ್ದರೆ ಸಾಮಾನ್ಯವಾಗಿ ಸಾಕು. ಎಲ್ಲರಿಗೂ ಪೂರ್ಣ ಅರಿವಳಿಕೆ ಕೊಡುವುದು ಬೇಡವೆಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೈಯಿಂದ ಹೀರುವ ಸಿರಿಂಜಿಗೆ ವಿದ್ಯುತ್ತೂ ಬೇಡ. ಕರೆಂಟು ಕೈಕೊಡುವ ಊರಿನ ಆಸ್ಪತ್ರೆಗೆ ಇದು ಸಣ್ಣ ಅನುಕೂಲವೇನಲ್ಲ.

ಹೋಲಿಕೆಯಲ್ಲಿ ಕಂಡದ್ದೇನು?

ಎರಡೂ ವಿಧಾನಗಳನ್ನು ಅಪೂರ್ಣ ಗರ್ಭಸ್ರಾವದ ಚಿಕಿತ್ಸೆಯಲ್ಲಿ ನೇರವಾಗಿ ಹೋಲಿಸಿದ ಅಧ್ಯಯನಗಳು ಹೆಚ್ಚಿಲ್ಲ. ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಅಂತಾರಾಷ್ಟ್ರೀಯ ಸಂಸ್ಥೆ 'ಕಾಕ್ರೇನ್' 2010ರಲ್ಲಿ ಪ್ರಕಟಿಸಿದ ಪರಾಮರ್ಶೆಯಲ್ಲಿ ಎರಡೇ ಅಧ್ಯಯನಗಳಿದ್ದವು. ಒಟ್ಟು 550 ಮಹಿಳೆಯರು ಅವುಗಳಲ್ಲಿ ಪಾಲ್ಗೊಂಡಿದ್ದರು. ಮುಖ್ಯವಾದದ್ದು ಜಿಂಬಾಬ್ವೆಯಲ್ಲಿ ನಡೆದು 1993ರಲ್ಲಿ ಪ್ರಕಟವಾದ, 357 ಮಹಿಳೆಯರ ಅಧ್ಯಯನ.

ಫಲಿತಾಂಶ ಹೀಗಿತ್ತು: ಹೀರುವ ವಿಧಾನದಲ್ಲಿ ರಕ್ತನಷ್ಟ ಸರಾಸರಿ 17 ಮಿಲಿಲೀಟರಿನಷ್ಟು ಕಡಿಮೆ. ಸಮಯ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಉಳಿತಾಯ. ನೋವು ಅನುಭವಿಸಿದವರ ಪ್ರಮಾಣ ಸುಮಾರು ಕಾಲು ಭಾಗದಷ್ಟು ಕಡಿಮೆ.

17 ಮಿಲಿಲೀಟರ್ ಎಂದರೆ ಮೂರೂವರೆ ಟೀ ಚಮಚ. ಆರೋಗ್ಯವಂತೆಗೆ ಇದು ದೊಡ್ಡ ವ್ಯತ್ಯಾಸವೇನಲ್ಲ ಎಂಬ ಮಾತು ನಿಜ. ಆದರೆ ಹಲವು ದಿನ ರಕ್ತ ಹರಿಸಿಕೊಂಡು ಬಸವಳಿದು ಆಸ್ಪತ್ರೆಗೆ ಬಂದವಳಿಗೆ, ಅದರಲ್ಲಿಯೂ ಮೊದಲೇ ರಕ್ತಹೀನತೆ ಇದ್ದವಳಿಗೆ ಪ್ರತಿ ಹನಿಯೂ ಲೆಕ್ಕಕ್ಕೆ ಬರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕರ್ನಾಟಕದಲ್ಲಿಯೂ ಆ ಪ್ರಮಾಣ ಅರ್ಧದ ಹತ್ತಿರವೇ ಇತ್ತು.

ಪರಾಮರ್ಶೆಯ ಮಿತಿಯನ್ನೂ ಹೇಳಬೇಕು. ಗರ್ಭಕೋಶ ತೂತಾಗುವಂತಹ ಗಂಭೀರ ತೊಂದರೆಗಳು ಎರಡೂ ವಿಧಾನಗಳಲ್ಲಿ ಅಪರೂಪ. ಅವುಗಳನ್ನು ಹೋಲಿಸಲು ಐನೂರು ಚಿಲ್ಲರೆ ಮಹಿಳೆಯರ ಅಧ್ಯಯನ ಸಾಲದು. ಹೀರುವ ವಿಧಾನದಲ್ಲಿ ಅಪಾಯವೇ ಇಲ್ಲ ಎನ್ನುವಂತೆಯೂ ಇಲ್ಲ. ತುಣುಕು ಉಳಿಯುವುದು, ಸೋಂಕು, ಅಪರೂಪಕ್ಕೆ ಗಾಯ ಇಲ್ಲಿಯೂ ಸಂಭವಿಸಬಹುದು. ಆದರೆ ಲಭ್ಯವಿರುವ ಪುರಾವೆಯೆಲ್ಲ ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತದೆ. ಕಡಿಮೆ ರಕ್ತ, ಕಡಿಮೆ ನೋವು, ಕಡಿಮೆ ಅರಿವಳಿಕೆ ಒಂದು ಕಡೆ ಇರುವಾಗ ಹರಿತವಾದ ಲೋಹವನ್ನು ಆರಿಸಿಕೊಳ್ಳಲು ಕಾರಣಗಳು ಉಳಿಯುವುದಿಲ್ಲ.

ಮಾರ್ಗಸೂಚಿ ಇದ್ದರೂ...

ಕೇಂದ್ರ ಆರೋಗ್ಯ ಸಚಿವಾಲಯ 2010ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಸಮಗ್ರ ಗರ್ಭಪಾತ ಆರೈಕೆ ಮಾರ್ಗಸೂಚಿಯೂ ಹೀರುವ ವಿಧಾನವನ್ನೇ ಎತ್ತಿಹಿಡಿದಿದೆ. ಹಾಗಿದ್ದೂ ಕ್ಯುರೆಟ್ ಉಳಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಅಭ್ಯಾಸಬಲ. ಓದುವಾಗ ಕೆರೆಯುವುದನ್ನೇ ಕಲಿತು, ವರ್ಷಾನುಗಟ್ಟಲೆ ಅದನ್ನೇ ಮಾಡುತ್ತ ಬಂದ ಕೈಗೆ ಅದರ ಮೇಲೆಯೇ ಹೆಚ್ಚು ಭರವಸೆ. ಸಿರಿಂಜು, ಕೊಳವೆಗಳ ಪೂರೈಕೆ ಹಾಗೂ ತರಬೇತಿ ಎಲ್ಲ ಕಡೆಯೂ ಒಂದೇ ಸಮನಾಗಿ ತಲುಪದಿರುವುದು ಇನ್ನೊಂದು ಕಾರಣ.

ಹೀರಿದ ಮೇಲೂ 'ಒಮ್ಮೆ ನೋಡಿಬಿಡೋಣ' ಎಂದು ಲೋಹದ ಕ್ಯುರೆಟ್ ಆಡಿಸುವ ರೂಢಿಯೂ ಇದೆ. ಹೀರುವಿಕೆಯ ನಂತರ ಹೀಗೆ ಕೆರೆದು ಪರೀಕ್ಷಿಸುವುದು ಅನಗತ್ಯ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಸೋಂಕು: ಕಾಯಬಾರದ ಹೊತ್ತು

ವಿಧಾನ ಯಾವುದೇ ಇರಲಿ, ಸೋಂಕು ಕಾಣಿಸಿಕೊಂಡ ಮೇಲೆ ವಿಳಂಬವೇ ದೊಡ್ಡ ಶತ್ರು. ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ಮೃತಪಟ್ಟದ್ದು ಕನ್ನಡಿಗರಿಗೆ ನೆನಪಿರಬಹುದು. ಅದು 17ನೇ ವಾರದ ಪ್ರಕರಣ, ಇಲ್ಲಿ ಚರ್ಚಿಸುತ್ತಿರುವ ಆರಂಭಿಕ ಗರ್ಭಸ್ರಾವಕ್ಕಿಂತ ಭಿನ್ನ. ಗರ್ಭ ಉಳಿಯುವುದಿಲ್ಲವೆಂದು ತಿಳಿದಿದ್ದರೂ ಭ್ರೂಣದ ಹೃದಯ ಬಡಿಯುತ್ತಿದೆ ಎಂಬ ಕಾರಣಕ್ಕೆ ಗರ್ಭ ತೆಗೆಯಲು ನಿರಾಕರಿಸಲಾಯಿತು. ಸೋಂಕು ರಕ್ತಕ್ಕೆ ಹರಡಿ 31ರ ಹರೆಯದ ಆಕೆ ಕೊನೆಯುಸಿರೆಳೆದರು. ಆ ಸಾವು ಅಲ್ಲಿ ಎಬ್ಬಿಸಿದ ಚರ್ಚೆ 2018ರ ಮೇ ತಿಂಗಳ ಜನಮತಗಣನೆಗೆ, ಸಂವಿಧಾನದ ತಿದ್ದುಪಡಿಗೆ ದಾರಿಯಾಯಿತು. ಗರ್ಭಕೋಶದ ಸೋಂಕು ಎಷ್ಟು ಬೇಗ ಜೀವಕ್ಕೆ ಎರವಾಗಬಲ್ಲದು ಎಂಬುದಕ್ಕೆ ಅದು ನೋವಿನ ಸಾಕ್ಷಿ.

ಶಸ್ತ್ರಚಿಕಿತ್ಸೆಗೆ ಮುನ್ನ ಆಂಟಿಬಯಾಟಿಕ್ ನೀಡುವುದರಿಂದ ಎಷ್ಟು ಪ್ರಯೋಜನ ಎಂದು ತಿಳಿಯಲು ಮಲಾವಿ, ಪಾಕಿಸ್ತಾನ, ತಾಂಜಾನಿಯಾ ಹಾಗೂ ಉಗಾಂಡಾದ 3,412 ಮಹಿಳೆಯರಲ್ಲಿ ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಶೇ 4.1ರಷ್ಟು, ಪಡೆಯದವರಲ್ಲಿ ಶೇ 5.3ರಷ್ಟು ಮಂದಿಗೆ ಸೋಂಕು ತಗುಲಿತು. ಸಂಖ್ಯಾಶಾಸ್ತ್ರದ ದೃಷ್ಟಿಯಲ್ಲಿ ಈ ಅಂತರ ನಿರ್ಣಾಯಕವಲ್ಲದಿದ್ದರೂ ಮುನ್ನೆಚ್ಚರಿಕೆಯಾಗಿ ಔಷಧ ನೀಡಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಕೆಲವು ಪ್ರಶ್ನೆಗಳನ್ನು ಕೇಳುವುದರಲ್ಲಿ ಸಂಕೋಚ ಬೇಡ.

* ಈಗಲೇ ಶಸ್ತ್ರಚಿಕಿತ್ಸೆ ಅನಿವಾರ್ಯವೇ? ಕಾಯುವ ಅಥವಾ ಔಷಧ ಪಡೆಯುವ ಅವಕಾಶವಿದೆಯೇ?

* ಹೀರಿ ತೆಗೆಯುತ್ತೀರೋ, ಲೋಹದ ಉಪಕರಣದಿಂದ ಕೆರೆಯುತ್ತೀರೋ?

* ಹೀರುವ ಸೌಲಭ್ಯ ಇಲ್ಲಿಲ್ಲದಿದ್ದರೆ, ಬೇರೆ ಆಸ್ಪತ್ರೆಗೆ ಹೋಗುವಷ್ಟು ಸಮಯವಿದೆಯೇ?

* ಅರಿವಳಿಕೆ ಯಾವ ಬಗೆಯದು?

* ಹೊರತೆಗೆದ ಅಂಶವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೇ? (ಮುತ್ತುಗರ್ಭದಂತಹ ತೊಂದರೆಯನ್ನು ಇದರಿಂದ ಪತ್ತೆ ಹಚ್ಚಬಹುದು.)

* ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದರೆ ಚುಚ್ಚುಮದ್ದು ಬೇಕೇ?

ವಿಪರೀತ ರಕ್ತಸ್ರಾವದ ತುರ್ತು ಸಂದರ್ಭದಲ್ಲಿ ಮಾತ್ರ ಪ್ರಶ್ನೆಗಳಿಗಾಗಿ ಚಿಕಿತ್ಸೆಯನ್ನು ತಡೆದು ನಿಲ್ಲಿಸುವುದು ಸಲ್ಲದು. ಆಗ ಕೈಗೆಟಕುವ ವಿಧಾನವೇ ಜೀವ ಉಳಿಸುವ ವಿಧಾನ.

ಮನೆಗೆ ಮರಳಿದ ಮೇಲೆ

ತೊಡಕಿಲ್ಲದಿದ್ದರೆ ಅದೇ ದಿನ ಮನೆಗೆ ಮರಳಬಹುದು. ಒಂದೆರಡು ವಾರ ಅಲ್ಪ ರಕ್ತಸ್ರಾವ ಸಹಜ. ಮುಂದಿನ ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ಬರುತ್ತದೆ. ಅದಕ್ಕೂ ಮುನ್ನವೇ ಅಂಡೋತ್ಪತ್ತಿ ಆಗಬಹುದಾದ್ದರಿಂದ ಕೂಡಲೇ ಗರ್ಭ ಬೇಡವೆನ್ನುವವರು ಮೊದಲೇ ವೈದ್ಯರ ಸಲಹೆ ಪಡೆಯಬೇಕು.

ಸತತ ಎರಡು ಗಂಟೆ ಕಾಲ ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ, ಜ್ವರ, ದುರ್ವಾಸನೆಯ ಸ್ರಾವ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ತಲೆಸುತ್ತಿ ಬೀಳುವಂತಾಗುವುದು ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎರಡು ತಿಂಗಳಾದರೂ ಮುಟ್ಟು ಬಾರದಿದ್ದರೆ ಅಥವಾ ಮೊದಲಿಗಿಂತ ತೀರಾ ಕಡಿಮೆಯಾಗಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು. ಒಳಗೋಡೆ ಅಂಟಿಕೊಂಡಿರುವುದರ ಸೂಚನೆ ಅದಾಗಿರಬಹುದು.

ದುಡಿಯುವ ಮಹಿಳೆಯರಿಗೆ ಕಾನೂನಿನ ಆಸರೆಯೂ ಇದೆ. ಗರ್ಭಸ್ರಾವದ ನಂತರ ಆರು ವಾರ ವೇತನಸಹಿತ ರಜೆಯ ಹಕ್ಕನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆ ನೀಡಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಯಾರಿಗೂ ಹೇಳಿಕೊಳ್ಳಲಾಗದೆ ಮೂರೇ ದಿನಕ್ಕೆ ಕಚೇರಿಗೆ ಮರಳುವ ಅನೇಕರಿಗೆ ಈ ಹಕ್ಕಿನ ಅರಿವೇ ಇರುವುದಿಲ್ಲ.

ಕಳೆದುಕೊಂಡ ಗರ್ಭವನ್ನು ಯಾವ ಶಸ್ತ್ರಚಿಕಿತ್ಸೆಯೂ ಮರಳಿ ತರಲಾರದು. ಆದರೆ ಮುಂದಿನ ಗರ್ಭಕ್ಕೆ ಒಳಪದರವನ್ನು ಜೋಪಾನವಾಗಿ ಉಳಿಸಿಕೊಡುವುದು ಸಾಧ್ಯ. "ಹೀರಿ ತೆಗೆಯುತ್ತೀರೋ, ಕೆರೆದು ತೆಗೆಯುತ್ತೀರೋ?" ಎಂದು ಕೇಳಲು ಅರ್ಧ ನಿಮಿಷ ಸಾಕು. ಆಕೆಯ ಪಕ್ಕದಲ್ಲಿ ನಿಂತ ಗಂಡನೋ, ತಾಯಿಯೋ, ಅತ್ತೆಯೋ ಆ ಅರ್ಧ ನಿಮಿಷದ ಮಾತಾಡಿದರೆ ಅದೇ ದೊಡ್ಡ ಉಪಕಾರ.